ತಾತ್ಕಾಲಿಕ ಫೈಲ್‌ಗಳನ್ನು ರ‍್ಯಾಮ್‌ಗೆ ಹಾಕಿದರೆ ಕಂಪ್ಯೂಟರ್ ಚುರುಕಾಗುತ್ತದೆಯೇ?

"ಡೇಟಾಬೇಸ್ ನಿಧಾನವೇ? ಅದರ ತಾತ್ಕಾಲಿಕ ಫೈಲ್‌ಗಳನ್ನೆಲ್ಲ ರ‍್ಯಾಮ್‌ಗೆ ಹಾಕಿ" ಎಂಬ ಸಲಹೆ ಅರ್ಧ ನಿಜ. ಉಳಿದರ್ಧ ತಿಳಿಯದೆ ಪಾಲಿಸಿದರೆ, ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವ ಮಡಿಕೇರಿಯಂಥ ಊರಿನಲ್ಲಿ ತೊಂದರೆ ತಪ್ಪಿದ್ದಲ್ಲ.

ತಾತ್ಕಾಲಿಕ ಫೈಲ್ ಎಂದರೇನು?

ಕಾಫಿ ತೋಟದ ರೈಟರ್ ಕೊಯ್ಲಿನ ಲೆಕ್ಕವನ್ನು ರಿಜಿಸ್ಟರ್‌ನಲ್ಲಿ ಬರೆಯುತ್ತಾರೆ ಎಂದುಕೊಳ್ಳಿ. ವಾರದ ಮೊತ್ತ ಕೂಡುವಾಗ ನಡುವಿನ ಲೆಕ್ಕವನ್ನು ಸ್ಲೇಟಿನ ಮೇಲೆ ಮಾಡಿ ಅಳಿಸಿದರೆ ನಷ್ಟವಿಲ್ಲ. ಡೇಟಾಬೇಸ್ ಕೂಡ ಸಾವಿರಾರು ಸಾಲುಗಳನ್ನು ಜೋಡಿಸುವಾಗ ಜಾಗ ಸಾಲದಿದ್ದರೆ ಡಿಸ್ಕ್‌ನಲ್ಲಿ ಇಂಥದ್ದೇ 'ಸ್ಲೇಟು' ಬಳಸುತ್ತದೆ. ಅದೇ ತಾತ್ಕಾಲಿಕ ಫೈಲ್.

ಇದರಲ್ಲಿ ನಿಜವೆಷ್ಟು?

ಡಿಸ್ಕ್‌ಗಿಂತ ರ‍್ಯಾಮ್ ಬಹಳ ವೇಗ. ಲಿನಕ್ಸ್‌ನಲ್ಲಿ ಟಿಎಂಪಿಎಫ್‌ಎಸ್ ಎಂಬ ವ್ಯವಸ್ಥೆಯಿದೆ. ನೋಡಲು ಸಾಮಾನ್ಯ ಫೋಲ್ಡರ್. ಒಳಗಿನ ಫೈಲ್‌ಗಳು ಇರುವುದು ಮಾತ್ರ ರ‍್ಯಾಮ್‌ನಲ್ಲಿ. ದೊಡ್ಡ ವರದಿಗಳ ತಾತ್ಕಾಲಿಕ ಫೈಲ್ ಇಲ್ಲಿಟ್ಟರೆ ಕೆಲಸ ಬೇಗ ಮುಗಿಯಬಹುದು. ಕರೆಂಟ್ ಹೋದರೆ ವರದಿಯನ್ನು ಮತ್ತೆ ತೆಗೆದರಾಯಿತು.

ಅಪಾಯ ಎಲ್ಲಿದೆ?

1. ಎಲ್ಲ 'ತಾತ್ಕಾಲಿಕ' ಫೈಲ್‌ಗಳೂ ಅಳಿಸಬಹುದಾದವಲ್ಲ. ಮುಖ್ಯ ಸರ್ವರ್‌ನ ಬದಲಾವಣೆಗಳನ್ನು ಇನ್ನೊಂದು ಸರ್ವರ್ ನಕಲು ಮಾಡಿಕೊಳ್ಳುವ ವ್ಯವಸ್ಥೆ ಇರುತ್ತದೆ. ಈ ನಕಲು ಸರ್ವರ್‌ನ ಕೆಲವು ತಾತ್ಕಾಲಿಕ ಫೈಲ್‌ಗಳು ಯಂತ್ರ ಮರುಚಾಲನೆಯಾದ ಮೇಲೂ ಬೇಕು. ಅವು ಕಳೆದುಹೋದರೆ ನಕಲು ಮಾಡುವ ಕೆಲಸ ವಿಫಲವಾಗುತ್ತದೆ. ಎರಡನೇ ರಿಜಿಸ್ಟರ್‌ಗೆ ಬರೆಯುವ ಮೊದಲೇ ಸ್ಲೇಟು ಮಳೆಗೆ ತೊಳೆದುಹೋದಂತೆ! ನಕಲು ಸರ್ವರ್‌ನ ಈ ಫೈಲ್‌ಗಳನ್ನು ರ‍್ಯಾಮ್‌ನಲ್ಲಿ ಇಡಬೇಡಿ ಎಂದು ಮೈಎಸ್‌ಕ್ಯೂಎಲ್ ಕೈಪಿಡಿಯೇ ಎಚ್ಚರಿಸುತ್ತದೆ.

2. ಜಾಗ ಸೀಮಿತ. ಬೇರೆ ಮಿತಿ ಹೇಳದಿದ್ದರೆ ಟಿಎಂಪಿಎಫ್‌ಎಸ್ ಒಟ್ಟು ರ‍್ಯಾಮ್‌ನ ಅರ್ಧದವರೆಗೆ ಬೆಳೆಯಬಹುದು. ಅದು ತುಂಬಿದರೆ ವರದಿ ಅರ್ಧಕ್ಕೇ ನಿಲ್ಲುತ್ತದೆ. ರ‍್ಯಾಮ್ ಸಾಲದೆ ಬಂದರೆ ಲಿನಕ್ಸ್ ಅದರಲ್ಲಿನದನ್ನು ಮತ್ತೆ ಡಿಸ್ಕ್‌ಗೇ ತಳ್ಳಬಹುದು. ಆಗ ವೇಗದ ಲಾಭವೂ ಇಲ್ಲ.

ನಿಮ್ಮ ಫೋನ್‌ನಲ್ಲಿ?

ಚಾಟ್, ಫೋಟೊಗಳು ಇರುವುದು ಸ್ಟೋರೇಜ್‌ನಲ್ಲಿ. ಹಾಗಾಗಿಯೇ ಫೋನ್ ಆಫ್ ಆದರೂ ಅವು ಉಳಿಯುತ್ತವೆ. ಕೆಲವು ಫೋನ್‌ಗಳ 'ಹೆಚ್ಚುವರಿ ವರ್ಚುವಲ್ ರ‍್ಯಾಮ್' ಇದಕ್ಕೆ ತದ್ವಿರುದ್ಧ: ಅದು ಸ್ಟೋರೇಜ್‌ನ ಜಾಗವನ್ನೇ ರ‍್ಯಾಮ್‌ನಂತೆ ಬಳಸುತ್ತದೆ. ನಿಜವಾದ ರ‍್ಯಾಮ್‌ನ ವೇಗ ಅದಕ್ಕಿರದು.

ಹಾಗಾದರೆ ಏನು ಮಾಡಬೇಕು?

ಸಂಘ, ಅಂಗಡಿ ಅಥವಾ ಹೋಂಸ್ಟೇ ಲೆಕ್ಕವನ್ನು ಸರ್ವರ್‌ನಲ್ಲಿ ಇಟ್ಟಿದ್ದರೆ, ಅದನ್ನು ನೋಡಿಕೊಳ್ಳುವವರಿಗೆ ಒಂದೇ ಪ್ರಶ್ನೆ ಕೇಳಿ: "ಈಗ ಕರೆಂಟ್ ಹೋದರೆ ಈ ಫೈಲ್ ಮತ್ತೆ ಬೇಕಾಗುತ್ತದೆಯೇ?" ಬೇಡ ಎಂದರೆ, ಜಾಗಕ್ಕೆ ಮಿತಿ ಹಾಕಿ ರ‍್ಯಾಮ್‌ನಲ್ಲಿಡಬಹುದು. ಬೇಕು ಎಂದರೆ ಅದು ಡಿಸ್ಕ್‌ನಲ್ಲೇ ಇರಲಿ. ಯುಪಿಎಸ್ ಇದ್ದರೂ ಅದು ಸ್ವಲ್ಪ ಹೊತ್ತಿಗಷ್ಟೇ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಕೊಡಗಿನ ಹಲವೆಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಹಾಗಾಗಿ ಮುಖ್ಯ ಲೆಕ್ಕದ ಒಂದು ಪ್ರತಿ ಬೇರೆ ಜಾಗದಲ್ಲೂ ಇರಲಿ.

ಸಾರಾಂಶ: ಸಲಹೆ ಭಾಗಶಃ ನಿಜ. ಫಾರ್ವರ್ಡ್ ಮಾಡುವುದಾದರೆ ಎಚ್ಚರಿಕೆಯನ್ನೂ ಸೇರಿಸಿ ಕಳುಹಿಸಿ.