ರೆಕ್ಕೆ ನಿಂತಾಗ ಬರಿದಾದ ಕೈಗಳು

ಗಾಜನೂರಿನ ನಮಗೆ ಸೋಗಾನೆಯ ವಿಮಾನ ನಿಲ್ದಾಣ ದೂರವೇನಲ್ಲ. 2023ರ ಫೆಬ್ರವರಿಯಲ್ಲಿ ಅದು ಉದ್ಘಾಟನೆಗೊಂಡಾಗ ಹರ್ಷಪಟ್ಟೆವು. ಆದರೆ ವಿಮಾನವನ್ನು ಕತ್ತೆತ್ತಿ ನೋಡುವ ನಾವು ಅದನ್ನು ನಿರ್ಮಿಸಿದ ಕೈಗಳನ್ನು ನೆನೆಯುವುದು ವಿರಳ.

2020ರ ಕೋವಿಡ್ ಮಹಾಮಾರಿಯಲ್ಲಿ ಆ ಕೈಗಳೇ ಬರಿದಾದವು. ನಮ್ಮ ದೇಶದಲ್ಲಿ ಮಾರ್ಚ್ 25ರಿಂದ ಎರಡು ತಿಂಗಳ ಕಾಲ ದೇಶೀಯ ಪ್ರಯಾಣಿಕ ವಿಮಾನಗಳು ಹಾರಲಿಲ್ಲ. ಜಗತ್ತಿನಾದ್ಯಂತ ಸಂಚಾರ ಕುಸಿದು, ಹೊಸ ವಿಮಾನಗಳ ಬೇಡಿಕೆಯೂ ಕುಸಿಯಿತು. ಆ ವರ್ಷ ಬೋಯಿಂಗ್ ಸಂಸ್ಥೆ ಶೇಕಡಾ 10ರಷ್ಟು, ರೋಲ್ಸ್‌ರಾಯ್ಸ್ ಕನಿಷ್ಠ 9,000, ಏರ್‌ಬಸ್ ಸುಮಾರು 15,000 ಹುದ್ದೆಗಳ ಕಡಿತವನ್ನು ಪ್ರಕಟಿಸಿದವು. ಎಂಜಿನ್ ಹಾರಿದ ಗಂಟೆಗಳ ಲೆಕ್ಕದಲ್ಲಿ ಹಣ ಪಡೆಯುವ ರೋಲ್ಸ್‌ರಾಯ್ಸ್‌ಗಂತೂ ವಿಮಾನ ನಿಂತರೆ ವರಮಾನವೂ ನಿಂತಂತೆ.

ನಷ್ಟ ನಿಜವೇ. ಆದರೆ ಒಂದು ಕೃತ್ಯಕ್ಕೆ ಕಾರಣವಿದ್ದ ಮಾತ್ರಕ್ಕೆ ನ್ಯಾಯವೂ ಇದೆಯೆಂದಾಗದು. ನಷ್ಟದ ಭಾರವನ್ನು ಯಾರು, ಎಷ್ಟು ಹೊರಬೇಕೆಂಬುದು ಕೇವಲ ಲೆಕ್ಕಪತ್ರದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ಜರ್ಮನಿಯಲ್ಲಿ ಕೆಲಸದ ಅವಧಿಯನ್ನು ತಗ್ಗಿಸಿ, ಕಳೆದ ವೇತನದ ಒಂದು ಭಾಗವನ್ನು ಸಾರ್ವಜನಿಕ ನಿಧಿಯಿಂದ ತುಂಬುವ ವ್ಯವಸ್ಥೆಯಿದೆ. ಅಲ್ಲಿ ಭಾರ ಹಂಚಿಕೆಯಾಗುತ್ತದೆ, ನೌಕರಿ ಉಳಿಯುತ್ತದೆ.

ಜಗದ್ಗುರು ಎರಡನೆಯ ಜಾನ್ ಪಾಲರು 1981ರಲ್ಲಿ ದುಡಿಮೆಯನ್ನು ಕುರಿತು ಹೊರಡಿಸಿದ ವಿಶ್ವಪರಿಪತ್ರ ಇಲ್ಲಿ ದಾರಿದೀಪ. ಬಂಡವಾಳಕ್ಕಿಂತ ದುಡಿಮೆಗೆ ಆದ್ಯತೆಯೆಂದು ಸಾರಿದ ಅವರು, ಸಂಬಳ ಕೊಡುವವನೊಬ್ಬನೇ ಉದ್ಯೋಗದಾತನಲ್ಲ, ದುಡಿಮೆಯ ಸ್ಥಿತಿಗತಿಗಳನ್ನು ನಿರ್ಧರಿಸುವ ಸರ್ಕಾರ ಮತ್ತು ಸಂಸ್ಥೆಗಳೂ ಪರೋಕ್ಷ ಉದ್ಯೋಗದಾತರೇ ಎಂದು ವಿವರಿಸಿದರು. ಹೊಣೆ ಎಲ್ಲರದು.

ಭದ್ರಾವತಿಯವರಿಗೆ ಇದು ಪರದೇಶದ ಕಥೆಯಲ್ಲ. ವಿಮಾನ ನಿಲ್ದಾಣ ತೆರೆಯುವ ಮುನ್ನಿನ ತಿಂಗಳಲ್ಲೇ ಉಕ್ಕು ಪ್ರಾಧಿಕಾರದ ಆಡಳಿತ ಮಂಡಳಿ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚಲು ನಿರ್ಧರಿಸಿತು. ಧರಣಿ ಕುಳಿತವರು ಗುತ್ತಿಗೆ ಕಾರ್ಮಿಕರು. ಅದೇ ಆಗಸ್ಟಿನಲ್ಲಿ ಕೆಲವು ವಿಭಾಗಗಳು ಮತ್ತೆ ಚಾಲನೆಗೊಂಡರೂ, ಆತಂಕದಲ್ಲಿ ಕಳೆದ ತಿಂಗಳುಗಳನ್ನು ಆ ಮನೆಗಳಿಗೆ ಮರಳಿಸುವವರಾರು?

ವಿಮಾನಯಾನ ಚೇತರಿಸಿಕೊಂಡಾಗ ಅದೇ ಕಂಪನಿಗಳು ಮತ್ತು ಅವಕ್ಕೆ ಬಿಡಿಭಾಗ ಒದಗಿಸುವವರು ನುರಿತ ಕೆಲಸಗಾರರಿಗಾಗಿ ಪರದಾಡಿದರು. ವರ್ಷಗಟ್ಟಲೆ ಪಳಗಿದ ಕೈಯನ್ನು ಒಂದು ದಿನದಲ್ಲಿ ಕಳುಹಿಸಬಹುದು, ಒಂದು ದಿನದಲ್ಲಿ ಮರಳಿ ಪಡೆಯಲಾಗದು.

ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ, ಕರೆಯುವವರಿಲ್ಲದೆ ಸಂಜೆಯವರೆಗೂ ಪೇಟೆಯಲ್ಲಿ ನಿಂತವರಿಗೂ ದ್ರಾಕ್ಷಿತೋಟದ ಒಡೆಯ ಪೂರ್ಣ ಕೂಲಿ ಕೊಟ್ಟನು. ಅವರ ಮನೆಯ ಹಸಿವು ಅರ್ಧ ದಿನದ್ದಲ್ಲವೆಂದು ಅವನು ಬಲ್ಲವನಾಗಿದ್ದನು. ನಮ್ಮ ನೆರೆಯಲ್ಲೂ ಹಾಗೆ ನಿಂತವರಿದ್ದಾರೆ. ಅವರನ್ನು ಸೋಮಾರಿಗಳೆನ್ನುವ ಮೊದಲು, ಪರೋಕ್ಷ ಉದ್ಯೋಗದಾತರಲ್ಲಿ ನಾವೂ ಸೇರಿಲ್ಲವೇ ಎಂದು ಕೇಳಿಕೊಳ್ಳೋಣ.