ಹಳ್ಳದ ಕೊನೆಗೆ ಕಡಲಿದೆ

ಜೂನ್ ತಿಂಗಳು ಬಂತೆಂದರೆ ನಮ್ಮಲ್ಲಿ ನಾಲ್ವರು ಸೇರಿದಲ್ಲಿ ಮಳೆಯದೇ ಮಾತು. ಮೃಗಶಿರ ಹಿಡಿಯಿತೇ, ಆರಿದ್ರ ಕೈಕೊಟ್ಟಿತೇ, ಕೊಳೆರೋಗಕ್ಕೆ ಔಷಧಿ ಹೊಡೆಯಲು ಎರಡು ದಿನ ಹೊಳವಾದೀತೇ, ಇವೇ ಪ್ರಶ್ನೆಗಳು. ಎಲ್ಲರ ಕಣ್ಣೂ ಆಕಾಶದ ಮೇಲೆ. ಆ ಮೋಡ ಹೊರಟುಬಂದ ಕಡಲಿನ ಯೋಚನೆ ಮಾತ್ರ ಯಾರಿಗೂ ಇಲ್ಲ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಭೂಮಿಯ ಮೇಲ್ಮೈಯಲ್ಲಿ ನೂರಕ್ಕೆ 71 ಪಾಲು ಕಡಲು. ಅದು ಬರಿಯ ಉಪ್ಪುನೀರಿನ ಹೊಂಡವಲ್ಲ. ನಮ್ಮ ತೋಟದಂತೆ ಅದಕ್ಕೂ ಗೊಬ್ಬರವುಂಟು, ಬೆಳೆಯುಂಟು, ಋತುವುಂಟು. ಮುಂಗಾರಿನ ಗಾಳಿ ಅರಬ್ಬೀ ಸಮುದ್ರದ ಮೇಲೆ ಬೀಸುವಾಗ ಕರಾವಳಿಯ ಬದಿಯ ಮೇಲುನೀರು ಸರಿದು, ಆಳದ ತಣ್ಣನೆಯ ಸಾರವುಳ್ಳ ನೀರು ಮೇಲೇರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿ, ಬಂಗುಡೆಗಳ ಜೀವ ಈ ಬೆಳೆಯ ಮೇಲೆಯೇ ನಿಂತಿದೆ. ಘಟ್ಟದ ಮಳೆಯನ್ನೂ ಮಲ್ಪೆಯ ಮೀನನ್ನೂ ಸಾಕುವುದು ಒಂದೇ ಗಾಳಿ. ಭೂಮಿಯ ಹಸುರೆಲ್ಲ ಸೇರಿ ತಯಾರಿಸುವ ಪ್ರಾಣವಾಯುವಿನಲ್ಲಿ ಸುಮಾರು ಅರ್ಧಪಾಲು ಕಡಲಿನದು.

ಇಂಥ ಕಡಲಿಗೆ ಈಗ ಜ್ವರ ಹಿಡಿದಿದೆ. ಹೊಗೆಯಿಂದ ಭೂಮಿಯಲ್ಲಿ ಸಿಕ್ಕಿಬಿದ್ದ ಹೆಚ್ಚಿನ ಶಾಖದಲ್ಲಿ ನೂರಕ್ಕೆ 90 ಪಾಲನ್ನು ಅದೇ ನುಂಗಿಕೊಂಡಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ನೀರಾವಿಯನ್ನು ಹೊರಬಲ್ಲದು. ಆದ್ದರಿಂದ ಸುರಿದರೆ ಒಮ್ಮೆಗೇ ಸುರಿಯುವ ಭಯ ಹೆಚ್ಚಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನು ಮರೆತವರಿಲ್ಲ. ಅದಕ್ಕೆ ಕಡಲೊಂದೇ ಕಾರಣವಲ್ಲ, ಗುಡ್ಡ ಅಗೆದವರ ಪಾಲೂ ಇದೆ. 2023ರಲ್ಲಿ ದೂರದ ಪೆಸಿಫಿಕ್ ಸಾಗರ ಕಾದು ಎಲ್ ನಿನೊ ತಲೆದೋರಿತು. ಆ ವರ್ಷದ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಯಿತು. ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು.

"ಎರಡೆಕರೆಯವರು ನಾವು, ಕಡಲಿಗೆ ಏನು ಮಾಡಬಲ್ಲೆವು?" ಎಂದು ಸದಸ್ಯರು ಕೇಳಬಹುದು. ಅದರ ಜ್ವರ ಇಳಿಸುವುದು ನಮ್ಮೊಬ್ಬರಿಂದ ಆಗದು, ನಿಜ. ಆದರೆ ಋಣ ತೀರಿಸದಿದ್ದರೂ ಉಂಡ ಮನೆಗೆ ಕೊಳೆ ಕಳಿಸದಿರಬಹುದು. ನೇತ್ರಾವತಿ ಅರಬ್ಬೀ ಸಮುದ್ರಕ್ಕೆ, ಭದ್ರಾ ಹೇಮಾವತಿಗಳ ನೀರು ಬಂಗಾಳ ಕೊಲ್ಲಿಗೆ. ನಮ್ಮ ಯಾವ ಹಳ್ಳವೂ ತೋಟದ ಬೇಲಿಯಲ್ಲಿ ನಿಲ್ಲುವುದಿಲ್ಲ. ಬೋರ್ಡೋ ಕಲಸಿದ ಡ್ರಮ್ಮನ್ನು ನಾವು ತೊಳೆಯುವುದು ಹಳ್ಳದಲ್ಲಿ. ಮೈಲುತುತ್ತ ಪಾಚಿ ಕೊಲ್ಲುವ ಮದ್ದು, ಮೀನಿಗೂ ವಿಷ. ಪಲ್ಪರಿನ ಹುಳಿನೀರನ್ನು ಬಿಡುವುದೂ ಹಳ್ಳಕ್ಕೆ, ಅದೂ ನೀರಿಳಿಯುವ ಡಿಸೆಂಬರ್ ಜನವರಿಯಲ್ಲಿ. ಕಡಲು ಮುಟ್ಟುವಷ್ಟರಲ್ಲಿ ಎಲ್ಲ ತೆಳುವಾಗುತ್ತದೆಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಪ್ರತಿ ಹಳ್ಳದವರೂ ಇದೇ ಲೆಕ್ಕ ಹಾಕುತ್ತಿದ್ದಾರೆ. ಅದಕ್ಕೂ ಮೊದಲು ಕೆಳಗಿನ ಮನೆಯವರು ಅದೇ ನೀರನ್ನು ಕುಡಿಯುತ್ತಾರೆ.

ಡ್ರಮ್ಮು ತೊಳೆದ ನೀರನ್ನು ಮರುದಿನದ ದ್ರಾವಣಕ್ಕೆ ಬಳಸಲು ಖರ್ಚಿಲ್ಲ. ಪಲ್ಪರ್ ನೀರಿಗೆ ಸುಣ್ಣ ಹಾಕಿ ತಂಗಿಸುವ ಹೊಂಡಕ್ಕೆ ಖರ್ಚಿದೆ. ಸಣ್ಣ ಬೆಳೆಗಾರನೊಬ್ಬನೇ ಅದನ್ನು ಹೊರಲಾರ. ನಾಲ್ಕಾರು ತೋಟಗಳಿಗೆ ಒಂದರಂತೆ ಹೊಂಡ ಮಾಡಲು ಸಂಘವೇ ಸಾಲ ಕೊಡಬೇಕು. ಈ ಮಾತನ್ನು ಮುಂದಿನ ಮಹಾಸಭೆಯಲ್ಲಿ ಸದಸ್ಯರು ಎತ್ತಬೇಕೆಂದು ನಮ್ಮ ಕೋರಿಕೆ. ಮಳೆಗಾಗಿ ಕೈಯೊಡ್ಡುವ ನಾವು ಹಳ್ಳದ ವಿಷಯದಲ್ಲಿ ಕೈ ತೊಳೆದುಕೊಳ್ಳುವಂತಿಲ್ಲ.