ಬೀಡಿ ಕಟ್ಟುವ ಕೈಗೆ ಬಿಡುವು ಎಂದು?

ನಾವು ಮಾಸ್ತರಿಕೆ ಮಾಡುತ್ತಿದ್ದಾಗ ಕಂಡ ನಿವೃತ್ತಿಯೆಂದರೆ ಒಂದು ಹಾರ, ಒಂದು ಶಾಲು, ನಾಲ್ಕು ಭಾಷಣ. 60 ತುಂಬಿತೆಂದರೆ ಸರಕಾರವೇ ಮನೆಗೆ ಕಳುಹಿಸುತ್ತದೆ. ಪುತ್ತೂರು, ಸುಳ್ಯ, ಕಡಬದ ಜಗಲಿಗಳಲ್ಲಿ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುವ ನಮ್ಮ ಅಕ್ಕಂದಿರಿಗೆ ಆ ಭಾಗ್ಯವಿಲ್ಲ. ಇನ್ನೆಷ್ಟು ದಿನವೆಂದು ಅವರನ್ನು ಕೇಳುವುದು ಸೊಂಟ, ಕಣ್ಣು, ಹೊಗೆಸೊಪ್ಪಿನ ಧೂಳಿನ ಕೆಮ್ಮು.

“58ರ ವರೆಗೆ ಹೇಗಾದರೂ ಎಳೆಯಬೇಕು ಮಾಸ್ತ್ರೇ, ಇಲ್ಲದಿದ್ದರೆ ಪೆನ್ಶನ್ ಹೋಗುತ್ತದೆ” ಎಂಬ ಮಾತನ್ನು ನಾವು ಹೋದಲ್ಲೆಲ್ಲ ಕೇಳುತ್ತೇವೆ. ಈ ಮಾತು ತಪ್ಪು. ಕೆಲಸ ಬಿಡುವುದು ಒಂದು, ಪೆನ್ಶನ್ ಪಡೆಯುವುದು ಇನ್ನೊಂದು. 1995ರ ಪೆನ್ಶನ್ ಯೋಜನೆಯಲ್ಲಿ ಹತ್ತು ವರ್ಷದ ಸೇವೆ ಪೂರೈಸಿದವರು ಕೆಲಸ ಬಿಟ್ಟರೂ ಅವರ ಹಕ್ಕು 58ರ ವರೆಗೆ ಕಾದಿರುತ್ತದೆ.

ಹಳೆಯ ಚಾಳಿ, ಒಂದು ಲೆಕ್ಕ ಹಾಕೋಣ. ಕೊನೆಯ 60 ತಿಂಗಳ ಸರಾಸರಿ ಮಜೂರಿಯನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. (2014ಕ್ಕೆ ಹಿಂದಿನ ಸೇವೆಯ ತೊಡಕನ್ನು ಇಲ್ಲಿ ಬದಿಗಿಟ್ಟಿದ್ದೇವೆ.) 54ರ ಒಬ್ಬಾಕೆಗೆ ಸರಾಸರಿ 7000 ರೂಪಾಯಿ, ಸೇವೆ 14 ವರ್ಷ ಎನ್ನಿ: ಪೆನ್ಶನ್ 1400. ಕೈ ನಿಧಾನವಾಗಿ ಬೀಡಿ ಕಡಿಮೆಯಾಗಿ ಸರಾಸರಿ 5000ಕ್ಕೆ ಇಳಿದರೆ, ಮತ್ತೆ ನಾಲ್ಕು ವರ್ಷ ನರಳಿ ದುಡಿದ ಮೇಲೂ ಸಿಗುವುದು 1285 ಚಿಲ್ಲರೆ! ಗ್ರಾಚ್ಯುಯಿಟಿಯೂ ಹಾಗೆಯೇ. ತುಂಡು ಮಜೂರಿಯವರಿಗೆ ಕೊನೆಯ ಮೂರು ತಿಂಗಳ ಸಂಪಾದನೆಯೇ ಅದಕ್ಕೆ ಆಧಾರ. ಡಾಕ್ಟರರ ಚೀಟಿಯ ಖರ್ಚನ್ನು ನಾವಿನ್ನೂ ಸೇರಿಸಿಲ್ಲ.

ಹಾಗೆಂದು ಅವಸರದಲ್ಲಿ 54ಕ್ಕೇ ಪೆನ್ಶನ್ ಅರ್ಜಿಗೆ ಹೆಬ್ಬೆಟ್ಟು ಒತ್ತಬೇಡಿ. 50ರ ಬಳಿಕ ಕೊಡುತ್ತಾರೆ ನಿಜ. ಆದರೆ ಮುಂಚಿನ ಪ್ರತಿ ವರ್ಷಕ್ಕೂ ಶೇಕಡಾ 4ರಂತೆ ಮುರಿಯುತ್ತಾರೆ. ಆ 1400ರಲ್ಲಿ ತಿಂಗಳಿಗೆ ಇನ್ನೂರಕ್ಕೂ ಮಿಕ್ಕಿ ನಷ್ಟ, ಬದುಕಿರುವ ತನಕ.

ನಡುವಿನ ನಾಲ್ಕು ವರ್ಷದ ಗಂಜಿಗೇನು? ನ್ಯಾಯವಾದ ಪ್ರಶ್ನೆ. ಭವಿಷ್ಯನಿಧಿಯ ಹಣ, ಗ್ರಾಚ್ಯುಯಿಟಿ, ಮನೆಯ ಇನ್ನೊಬ್ಬರ ದುಡಿಮೆ ಇವೇ ಆಧಾರ. ಇವು ಸಾಲದ ಮನೆಯಲ್ಲಿ ನಮ್ಮ ಲೆಕ್ಕಕ್ಕೆ ಬೆಲೆಯಿಲ್ಲವೆಂದು ಒಪ್ಪುತ್ತೇವೆ. ಆ ತಾಯಿ ಕಟ್ಟುತ್ತಲೇ ಇರುತ್ತಾಳೆ. 2014ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದ 1000 ರೂಪಾಯಿ ಕನಿಷ್ಠ ಪೆನ್ಶನ್ ಹತ್ತು ವರ್ಷ ಕಳೆದರೂ ಬೆಳೆಯಲಿಲ್ಲ. ಅಕ್ಕಿಯ ಕ್ರಯ ಮಾತ್ರ ದಿಲ್ಲಿಯ ಅಪ್ಪಣೆಗೆ ಕಾಯಲಿಲ್ಲ.

ಸುಳ್ಯದ ರಬ್ಬರ್ ತೋಟಗಳಲ್ಲಿ ದುಡಿಯುವ, 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ಮೇಲೆ ಸಿಂಹಳದಿಂದ ಬಂದ ತಮಿಳು ಬಂಧುಗಳಿಗೆ ಕೆಲಸದೊಡನೆ ವಸತಿಯ ಪ್ರಶ್ನೆಯೂ ಅಂಟಿಕೊಂಡಿದೆ. ಅದನ್ನು ಇನ್ನೊಮ್ಮೆ ಬರೆಯುತ್ತೇವೆ.

ಸದ್ಯಕ್ಕೆ ಇಷ್ಟು ಮಾಡಿ. ಬ್ರಾಂಚಿನವರು ಕೊಡುವ ಕಾಗದಕ್ಕೆ ಸಹಿ ಹಾಕುವ ಮೊದಲು, ಬೀಡಿಯ ಪುಸ್ತಕ ಮತ್ತು ಪಿ.ಎಫ್. ನಂಬರು ಹಿಡಿದುಕೊಂಡು ನಮ್ಮ ಕಚೇರಿಗೆ ಬನ್ನಿ. ಸೇವೆ ಹತ್ತು ವರ್ಷ ದಾಟಿದೆಯೇ ಎಂದು ಕೂತು ನೋಡೋಣ.